ಜೀಪ್ ಹತ್ತೋಕೆ ಮುಂಚೆ ಮಾಡೋ ಲೆಕ್ಕ

(ಆಡಿಯೊ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿ ಹಾಗೇ ಉಳಿಸಿಕೊಂಡು, ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)



ಬೆಳಿಗ್ಗೆ ಆರೂವರೆ ಸಮಯ. ಹುಣಸೂರು ತಾಲ್ಲೂಕಿನ ಕಾಡಂಚಿನ ಒಂದು ಊರು. ಇಬ್ಬನಿ ಇನ್ನೂ ಬಿಟ್ಟಿಲ್ಲ. ಅರಳಿಕಟ್ಟೆ ಹತ್ರ ಹನ್ನೆರಡು ಹದಿಮೂರು ಜನ ಹೆಂಗಸರು, ನಾಲ್ಕೈದು ಜನ ಗಂಡಸರು ನಿಂತಿದ್ದಾರೆ. ಕೈಯಲ್ಲಿ ಬುತ್ತಿ, ತಲೆಗೆ ಟವೆಲ್, ಒಬ್ಬಿಬ್ಬರ ಸೊಂಟದಲ್ಲಿ ಮಗು. ಒಂದು ಜೀಪ್ ಬರುತ್ತೆ. ಎಷ್ಟು ಜನ ಹಿಡಿಸ್ತಾರೋ ಅದಕ್ಕಿಂತ ಜಾಸ್ತಿ ಜನ ಹತ್ತುತ್ತಾರೆ. ಜೀಪ್ ಕೊಡಗಿನ ಕಾಫಿ ತೋಟದ ಕಡೆ ಹೋಗುತ್ತೆ. ಸಂಜೆ ಕತ್ತಲಾದ ಮೇಲೆ ಅದೇ ಜೀಪಲ್ಲಿ ವಾಪಸ್.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಇದು ದಿನಾ ಕಾಣೋ ದೃಶ್ಯ. ಎಷ್ಟು ಸಲ ನೋಡಿದ್ದೀವಿ ಅಂದ್ರೆ ನೋಡೋದನ್ನೇ ಬಿಟ್ಟಿದ್ದೀವಿ. ನಾನೂ ಬಿಟ್ಟಿದ್ದೆ. ಒಂದು ದಿನ ಅಲ್ಲೇ ನಿಂತಿದ್ದ ಒಬ್ಬ ಅಕ್ಕನ್ನ ಸುಮ್ನೆ ಕೇಳಿದೆ: "ಅಕ್ಕ, ಅಲ್ಲಿ ಕೂಲಿ ಜಾಸ್ತಿ ಅಂತ ತಾನೇ ಅಷ್ಟು ದೂರ ಹೋಗೋದು?" ಅವರು ನನ್ನ ಮುಖ ನೋಡಿ ಹೇಳಿದ್ದು ಇಷ್ಟು: "ಜಾಸ್ತಿ ಕೊಡ್ತಾರೆ ಅಂತ ಹೋಯ್ತೀವಾ ಕಣಪ್ಪ? ಇಲ್ಲಿ ಸೊಪ್ಪಿನ ಕೆಲ್ಸ ಮುಗುದ್ರೆ ಕೈ ಕಟ್ಕೊಂಡು ಕೂತ್ಕಬೇಕು. ಅದ್ಕೆ ಹೋಯ್ತೀವಿ."

ಬಿ.ಕಾಂ ಓದಿರೋ ನನ್ನ ತಲೇಲಿದ್ದ ಲೆಕ್ಕ ಒಂದು, ಅಕ್ಕನ ಲೆಕ್ಕ ಇನ್ನೊಂದು. ನಾನು ಕೂಲಿ ದರ ನೋಡ್ತಿದ್ದೆ. ಅವರು ವರ್ಷದಲ್ಲಿ ಎಷ್ಟು ದಿನ ಕೆಲಸ ಸಿಗುತ್ತೆ ಅಂತ ನೋಡ್ತಿದ್ರು. ಇವತ್ತಿನ ಸಂಚಿಕೆ ಈ ಎರಡು ಲೆಕ್ಕಗಳ ಬಗ್ಗೆ. ಜನ ಊರು ಬಿಟ್ಟು ಯಾಕೆ ಹೋಗ್ತಾರೆ, ಎಷ್ಟು ಜನ ಹೋಗ್ತಾರೆ, ಖರ್ಚು ಮತ್ತು ಸರ್ಕಾರದ ನಿಯಮ ಅದನ್ನ ಹೇಗೆ ಬದಲಾಯಿಸುತ್ತೆ ಅನ್ನೋದನ್ನ ಗಣಿತದಲ್ಲಿ ಬರೆಯೋಕೆ 140 ವರ್ಷದಿಂದ ಪ್ರಯತ್ನ ನಡೀತಿದೆ. ಆ ಸೂತ್ರಗಳನ್ನ ನಮ್ಮ ನಾಲ್ಕು ತಾಲ್ಲೂಕಿಗೆ ತಂದು ನೋಡೋಣ. ಗಣಿತ ಅಂದ ತಕ್ಷಣ ಸ್ಕಿಪ್ ಮಾಡ್ಬೇಡಿ. ಕೂಡೋದು, ಕಳೆಯೋದು, ಗುಣಿಸೋದು, ಭಾಗಿಸೋದು ಅಷ್ಟೇ.

ದೂರದ ಲೆಕ್ಕ

1885ರಲ್ಲಿ ಲಂಡನ್ನಿನಲ್ಲಿ ರಾವೆನ್‌ಸ್ಟೈನ್ ಅನ್ನೋರು ಜನಗಣತಿ ಅಂಕಿ ಇಟ್ಕೊಂಡು ವಲಸೆಯ ನಿಯಮಗಳು ಅಂತ ಒಂದು ಲೇಖನ ಬರೆದ್ರು. ಅದರಲ್ಲಿ ಮುಖ್ಯವಾದ ಮಾತು: ಹೆಚ್ಚಿನ ಜನ ಹೋಗೋದು ಹತ್ತಿರದ ಜಾಗಕ್ಕೆ. 1946ರಲ್ಲಿ ಅಮೆರಿಕದ ಜಿಪ್ಫ್ ಇದನ್ನೇ ಸೂತ್ರ ಮಾಡಿದ್ರು. ಎರಡು ಊರಿನ ಜನಸಂಖ್ಯೆ ಗುಣಿಸಿ, ಮಧ್ಯದ ದೂರದಿಂದ ಭಾಗಿಸಿ. ನ್ಯೂಟನ್ನನ ಗುರುತ್ವಾಕರ್ಷಣೆ ತರಾನೇ ಇದೆ, ಹಾಗಾಗಿ ಇದಕ್ಕೆ ಗುರುತ್ವ ಮಾದರಿ ಅಂತಾನೇ ಹೆಸರು.

ಹುಣಸೂರಿನ ಒಬ್ಬ ಹುಡುಗನಿಗೆ ಹಾಕಿ ನೋಡೋಣ. ಮೈಸೂರು ಸುಮಾರು 45 ಕಿ.ಮೀ. ಬೆಂಗಳೂರು ಸುಮಾರು 190 ಕಿ.ಮೀ. 2011ರ ಜನಗಣತಿ ಪ್ರಕಾರ ಮೈಸೂರು ನಗರದ ಜನಸಂಖ್ಯೆ ಸುಮಾರು 9 ಲಕ್ಷ, ಬೆಂಗಳೂರಿನದ್ದು ಸುಮಾರು 84 ಲಕ್ಷ. ಅಂದ್ರೆ ಬೆಂಗಳೂರು ಒಂಬತ್ತು ಪಟ್ಟಿಗಿಂತ ಸ್ವಲ್ಪ ದೊಡ್ಡದು, ನಾಲ್ಕು ಪಟ್ಟಿಗಿಂತ ಸ್ವಲ್ಪ ದೂರ. ಬರೀ ದೂರದಿಂದ ಭಾಗಿಸಿದ್ರೆ ಬೆಂಗಳೂರಿನ ಎಳೆತ ಮೈಸೂರಿನ ಎರಡರಷ್ಟು ಬರುತ್ತೆ.

ಈಗ ಒಂದೇ ಒಂದು ಬದಲಾವಣೆ ಮಾಡೋಣ. ದೂರದ ಬದಲು ದೂರದ ವರ್ಗದಿಂದ ಭಾಗಿಸಿ. ಉತ್ತರ ಉಲ್ಟಾ! ಮೈಸೂರಿನ ಎಳೆತ ಬೆಂಗಳೂರಿನ ಎರಡರಷ್ಟು.

ಊರು ಅದೇ, ಜನ ಅಷ್ಟೇ, ರಸ್ತೆಯೂ ಅದೇ. ದೂರ ಎಷ್ಟು ಭಾರ ಅನ್ನೋದು ಮಾತ್ರ ಬದಲಾಯ್ತು. ಆ ಭಾರವನ್ನ ಯಾರು ನಿರ್ಧರಿಸ್ತಾರೆ? ಬಸ್ ಟಿಕೆಟ್, ರೈಲು, ಪಿ.ಜಿ. ಬಾಡಿಗೆ, ಊರಿಂದ ಮುಂಚೆ ಹೋಗಿರೋ ಮಾವನ ಮನೆ, ವಾಪಸ್ ಬರೋಕೆ ಎಷ್ಟು ಗಂಟೆ ಬೇಕು ಅನ್ನೋದು.

ಕೆ.ಆರ್. ನಗರ ನೋಡಿ. ಮೈಸೂರು–ಹಾಸನ ರೈಲು ಮಾರ್ಗದಲ್ಲಿದೆ. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ರೈಲ್ವೆ ಸ್ಟೇಷನ್ ಇರೋದು ಅಲ್ಲಿ ಮಾತ್ರ. ಹುಣಸೂರು, ಪಿರಿಯಾಪಟ್ಟಣದವರು ಮೈಸೂರು–ಕುಶಾಲನಗರ ರೈಲು ಬರುತ್ತೆ ಅನ್ನೋ ಮಾತು ಕೇಳ್ಕೊಂಡೇ ದೊಡ್ಡವರಾಗಿದ್ದೀವಿ. ಕೆ.ಆರ್. ನಗರದ ಹುಡುಗ ಬೆಳಿಗ್ಗೆ ರೈಲು ಹತ್ತಿ ಮೈಸೂರಲ್ಲಿ ಕೆಲಸ ಮಾಡಿ ರಾತ್ರಿ ಮನೆ ಊಟಕ್ಕೆ ಬರಬಹುದು. ಅದು ವಲಸೆಯ ಲೆಕ್ಕಕ್ಕೇ ಬರಲ್ಲ. ಎಚ್.ಡಿ. ಕೋಟೆಯ ಒಳಹಳ್ಳಿಯ ಹುಡುಗನಿಗೆ ದಿನಾ ಓಡಾಡೋಕೆ ಆಗದಿದ್ರೆ ಅವನು ಮೈಸೂರಲ್ಲಿ ರೂಮ್ ಮಾಡ್ಬೇಕು. ಅವನು ವಲಸಿಗ. ಆಸೆ ಇಬ್ಬರದ್ದೂ ಒಂದೇ. ಒಬ್ಬನನ್ನ ವಲಸಿಗ ಮಾಡಿದ್ದು ಟೈಮ್‌ಟೇಬಲ್.

ಸಿಗೋ ಕೂಲಿ ಮತ್ತು ಸಿಗಬಹುದಾದ ಕೂಲಿ

ಈಗ ಅಕ್ಕನ ಲೆಕ್ಕಕ್ಕೆ ಬರೋಣ. ಹುಣಸೂರು, ಪಿರಿಯಾಪಟ್ಟಣ ಹೊಗೆಸೊಪ್ಪಿನ ಸೀಮೆ. ಮೇ–ಜೂನ್‌ನಲ್ಲಿ ನಾಟಿ. ಆಮೇಲೆ ಸೊಪ್ಪು ಮುರಿಯೋದು, ಕಟ್ಟೋದು, ಬ್ಯಾರನ್‌ಗೆ ಏರಿಸೋದು, ಬೇಯಿಸೋದು. ಆಗ ಕೈಗೆ ಪುರುಸೊತ್ತು ಇರಲ್ಲ. ಸೊಪ್ಪು ಹರಾಜಿಗೆ ಹೋಗ್ತಿದ್ದ ಹಾಗೆ ಊರಲ್ಲಿ ಕೆಲಸ ಇಳಿಯುತ್ತೆ. ಅದೇ ಹೊತ್ತಿಗೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಕೊಡಗಲ್ಲಿ ಕಾಫಿ ಕುಯ್ಲು. ಇಲ್ಲಿ ಖಾಲಿ ಆದಾಗ ಅಲ್ಲಿ ಭರ್ತಿ. ಆ ಜೀಪ್ ಈ ಎರಡು ಕ್ಯಾಲೆಂಡರ್ ಮಧ್ಯೆ ಓಡುತ್ತೆ.

ಇದನ್ನ ಗಣಿತದಲ್ಲಿ ಹಿಡಿದವರು ಟೊಡಾರೊ. 1969ರಲ್ಲಿ ಒಬ್ಬರೇ, 1970ರಲ್ಲಿ ಹ್ಯಾರಿಸ್ ಜೊತೆ ಸೇರಿ. ಅವರು ಹೇಳಿದ್ದು: ಜನ ಕೂಲಿ ದರ ನೋಡಲ್ಲ, ಕೂಲಿ ದರವನ್ನ ಕೆಲಸ ಸಿಗೋ ಸಾಧ್ಯತೆಯಿಂದ ಗುಣಿಸಿ ನೋಡ್ತಾರೆ. ಲೆಕ್ಕಕ್ಕೆ ಅಂತ ಅಂಕಿ ಇಟ್ಕೊಳ್ಳೋಣ, ಇದು ನಾನೇ ಇಟ್ಕೊಂಡಿರೋ ಅಂಕಿ. ಊರಲ್ಲಿ ದಿನಕ್ಕೆ 350 ರೂಪಾಯಿ, ಆದ್ರೆ ಬೇಸಿಗೆ ತಿಂಗಳಲ್ಲಿ ಕೆಲಸ ಸಿಗೋದು 10 ದಿನ. 3,500 ಆಯ್ತು. ತೋಟದಲ್ಲಿ 450 ರೂಪಾಯಿ, 22 ದಿನ. 9,900. ಜೀಪಿಗೆ ದಿನಕ್ಕೆ 60 ಅಂದ್ರೆ 1,320 ಕಳೀರಿ. ಉಳಿದಿದ್ದು 8,580. ಊರಿನ 3,500 ಕಳೆದ್ರೆ ಹೋಗೋದ್ರಿಂದ 5,080 ಲಾಭ.

ಕೂಲಿ ದರದ ವ್ಯತ್ಯಾಸ ಬರೀ 100 ರೂಪಾಯಿ. 22 ದಿನಕ್ಕೆ 2,200. ಅದರಲ್ಲಿ ಜೀಪಿನ ಬಾಡಿಗೆ ಹೋದ್ರೆ ಉಳಿಯೋದು 880. ಮಿಕ್ಕ 4,200 ಬಂದಿದ್ದು ಕೆಲಸದ ದಿನ ಜಾಸ್ತಿ ಆಗಿದ್ದರಿಂದ. ಅಕ್ಕ ಒಂದೇ ವಾಕ್ಯದಲ್ಲಿ ಹೇಳಿದ್ದನ್ನ ಟೊಡಾರೊ ಒಂದು ಪ್ರಬಂಧದಲ್ಲಿ ಹೇಳಿದ್ರು.

ಆದ್ರೆ ಈ ಸೂತ್ರಕ್ಕೆ ಇನ್ನೊಂದು ಮುಖ ಇದೆ. ಲಾಭ ಕಂಡ ಕಡೆ ಜನ ಬರ್ತಾನೇ ಇರ್ತಾರೆ. ಈಗ ಕೊಡಗಿನ ತೋಟಗಳಿಗೆ ಅಸ್ಸಾಂ, ಪಶ್ಚಿಮ ಬಂಗಾಳದಿಂದಲೂ ಕೆಲಸದವರು ಬರ್ತಿದ್ದಾರೆ. ಬಂದಷ್ಟೂ ಕೆಲಸ ಸಿಗೋ ಸಾಧ್ಯತೆ ಕಮ್ಮಿ, ಕೂಲಿ ಕೇಳೋ ದನಿಯೂ ಕಮ್ಮಿ. ಹೋಗೋದ್ರಲ್ಲಿ ಲಾಭ ಉಳಿಯದೇ ಇರೋ ಹಂತಕ್ಕೆ ಬಂದಾಗ ಓಡಾಟ ನಿಲ್ಲುತ್ತೆ. ಇದಕ್ಕೆ ಸಮತೋಲನ ಅಂತಾರೆ. ತಕ್ಕಡಿ ಸಮ ಆಯ್ತು ಅಂದ ಮಾತ್ರಕ್ಕೆ ತಟ್ಟೇಲಿರೋರು ಸುಖವಾಗಿದ್ದಾರೆ ಅಂತ ಅರ್ಥ ಅಲ್ಲ.

ಖರ್ಚು ಅಂದ್ರೆ ಬರೀ ಟಿಕೆಟ್ ಅಲ್ಲ

1962ರಲ್ಲಿ ಸ್ಯಾಸ್ಟಡ್ ಅನ್ನೋ ಅರ್ಥಶಾಸ್ತ್ರಜ್ಞ ವಲಸೆಯನ್ನ ಬಂಡವಾಳ ಹೂಡಿಕೆ ತರ ನೋಡಿ ಅಂದ್ರು. ಮೊದಲು ಖರ್ಚು, ಆಮೇಲೆ ಆದಾಯ. ಖರ್ಚಲ್ಲಿ ದುಡ್ಡಿನ ಖರ್ಚೂ ಇದೆ, ಮನಸ್ಸಿನ ಖರ್ಚೂ ಇದೆ ಅಂತ ಅವರೇ ಬರೆದಿದ್ದಾರೆ. ಮಗುನ ಯಾರ ಹತ್ರ ಬಿಡೋದು, ಅತ್ತೆಗೆ ಮಾತ್ರೆ ಯಾರು ಕೊಡೋದು, ಹಬ್ಬಕ್ಕೆ ಬರೋಕೆ ಆಗುತ್ತಾ ಇಲ್ವಾ, ಎಲ್ಲಾ ಖರ್ಚೇ.

ಇಲ್ಲಿ ಬಾಂಗ್ಲಾದೇಶದ ಒಂದು ಪ್ರಯೋಗ ಹೇಳ್ಬೇಕು. ರಂಗ್‌ಪುರ ಅನ್ನೋ ಪ್ರದೇಶ. ಭತ್ತದ ನಾಟಿ ಆದ್ಮೇಲೆ ಕುಯ್ಲಿನವರೆಗೆ ಅಲ್ಲಿ ಕೆಲಸ ಇರಲ್ಲ, ಹಸಿವಿನ ಕಾಲ. ಅದಕ್ಕೆ ಅಲ್ಲಿನವರು ಮೊಂಗಾ ಅಂತಾರೆ. 2008ರಲ್ಲಿ ಬ್ರಯಾನ್, ಚೌಧುರಿ, ಮೊಬಾರಕ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಕೆಲವು ಹಳ್ಳಿಗಳ ಬಡ ಮನೆಗಳಿಗೆ ಎಂಟೂವರೆ ಡಾಲರ್‌ನಷ್ಟು ದುಡ್ಡು ಕೊಟ್ರು. ಹೆಚ್ಚು ಕಮ್ಮಿ ಬಸ್ ಚಾರ್ಜು. ದುಡ್ಡು ಸಿಕ್ಕ ಹಳ್ಳಿಗಳಲ್ಲಿ, ಸಿಗದ ಹಳ್ಳಿಗಳಿಗಿಂತ ನೂರಕ್ಕೆ 22 ಮನೆ ಹೆಚ್ಚಾಗಿ ಒಬ್ಬರನ್ನ ಕೆಲಸಕ್ಕೆ ಕಳಿಸಿದ್ವು. ಹಾಗೆ ಹೋದವರ ಮನೇಲಿ ಊಟ-ಬಟ್ಟೆ ಖರ್ಚು ಶೇ 30ಕ್ಕಿಂತ ಹೆಚ್ಚು ಏರಿತು. ಮುಂದಿನ ವರ್ಷ ದುಡ್ಡು ಕೊಡದಿದ್ರೂ ಎಷ್ಟೋ ಜನ ಮತ್ತೆ ಹೋದ್ರು.

ಯೋಚನೆ ಮಾಡಿ. ಲಾಭ ಅಷ್ಟಿದ್ರೂ ಬಸ್ ಚಾರ್ಜಿನಷ್ಟು ದುಡ್ಡಿಗೆ ಯಾಕೆ ನಿಂತಿದ್ರು? ಯಾಕಂದ್ರೆ ಕೆಲಸ ಸಿಗದೇ ವಾಪಸ್ ಬಂದ್ರೆ ಆ ಬಸ್ ಚಾರ್ಜು ಮನೆಯವರ ಊಟದಿಂದ ಹೋಗುತ್ತೆ. ಇರೋರಿಗೆ 500 ರೂಪಾಯಿ ನಷ್ಟ ಅಂದ್ರೆ ಒಂದು ಸಿನಿಮಾ, ಇಲ್ಲದೋರಿಗೆ ಒಂದು ವಾರ.

ಪೂರ್ತಿ ಕತೆ ಹೇಳ್ಬೇಕಲ್ವಾ. ಇದೇ ಕಾರ್ಯಕ್ರಮವನ್ನ ಆಮೇಲೆ ದೊಡ್ಡ ಮಟ್ಟದಲ್ಲಿ ಮಾಡಿದಾಗ ಅದೇ ಫಲ ಸಿಗಲಿಲ್ಲ. 2019ರಲ್ಲಿ ನಿಲ್ಲಿಸಿದ್ರು. ಒಂದು ಕಡೆ ಹೊಂದಿದ ಸೂತ್ರ ಎಲ್ಲಾ ಕಡೆ ಹೊಂದಬೇಕು ಅಂತಿಲ್ಲ.

ನಮ್ಮ ರಾಜ್ಯದಲ್ಲಿ ಇದಕ್ಕೆ ಹತ್ತಿರದ ಪ್ರಯೋಗ ಯಾವುದು ಹೇಳಿ? ಶಕ್ತಿ ಯೋಜನೆ. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಫ್ರೀ. ಎಲ್ಲರೂ ಧರ್ಮಸ್ಥಳಕ್ಕೆ ಹೋಗೋ ರಶ್ ಬಗ್ಗೆ ಮೀಮ್ ಮಾಡಿದ್ರು. ನಾನೂ ಒಂದೆರಡು ಫಾರ್ವರ್ಡ್ ಮಾಡಿದ್ದೆ. ಆದ್ರೆ ವಲಸೆಯ ಸೂತ್ರದಲ್ಲಿ ಇದೇನು ಮಾಡುತ್ತೆ ನೋಡಿ. ಪಿರಿಯಾಪಟ್ಟಣದ ಒಬ್ಬ ಹುಡುಗಿಗೆ ಮೈಸೂರಿನ ಗಾರ್ಮೆಂಟ್ಸಲ್ಲಿ 10,000 ಸಂಬಳ, ಬಸ್ಸಿಗೆ ತಿಂಗಳಿಗೆ 2,000 ಅಂತ ಇಟ್ಕೊಳ್ಳಿ. ಮುಂಚೆ ಕೈಗೆ 8,000. ಈಗ 10,000. ಅಷ್ಟೇ ಅಲ್ಲ. ಸಂಬಳ ಬರೋಕೆ ಮುಂಚೆ, ಮೊದಲ ತಿಂಗಳು ಬಸ್ಸಿಗೆ ಅಂತ ಅಪ್ಪನ ಹತ್ರ ಕೈ ಚಾಚಬೇಕಿತ್ತಲ್ಲ, ಅದು ತಪ್ಪಿತು. ಮೊದಲ ಹೆಜ್ಜೆಯ ಖರ್ಚು ಸೊನ್ನೆ ಆಯ್ತು. ದೂರದ ಭಾರ ಇಳೀತು.

ಈಗ ನಮ್ಮ ಅರಳಿಕಟ್ಟೆ ಅಕ್ಕನ ಹತ್ರ ಮತ್ತೆ ಹೋಗೋಣ. ಅವರ ಹತ್ರಾನೂ ಆಧಾರ್ ಇದೆ, ಅವರಿಗೂ ಟಿಕೆಟ್ ಫ್ರೀ. ಆದ್ರೂ ದುಡ್ಡು ಕೊಟ್ಟು ಜೀಪಲ್ಲೇ ಹೋಗ್ತಾರೆ. ಯಾಕೆ? ತೋಟದ ಕೆಲಸದ ಹೊತ್ತಿಗೆ, ತೋಟ ಇರೋ ದಾರೀಲಿ, ಬಸ್ ಇಲ್ಲ. ಟಿಕೆಟ್ ದರ ಸೊನ್ನೆ, ಬಸ್ಸಿನ ಸಂಖ್ಯೆಯೂ ಸೊನ್ನೆ. ಗಣಿತದಲ್ಲಿ ಇದನ್ನ ಖರ್ಚು ಸೊನ್ನೆ ಅಂತ ಬರೆಯೋ ಹಾಗಿಲ್ಲ. ದಾರಿಯೇ ಇಲ್ಲ ಅಂತ ಬರೀಬೇಕು.

ನಿಯಮ ಬಂದಾಗ ಆಸೆ ಎಲ್ಲಿ ಹೋಗುತ್ತೆ?

ಈಗ ಇವತ್ತಿನ ಮುಖ್ಯ ವಿಷಯ. ಸರ್ಕಾರದ ನಿಯಮ.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಅನ್ನಾ ನಾಗರ್ನಿ ಮತ್ತು ಇಟಲಿಯ ಪಟ್ರಿಜಿಯಾ ಡಾನಿಯೆಲೆ ಈ ಬಗ್ಗೆ ಒಂದು ಮಾದರಿ ಮಾಡಿದ್ದಾರೆ. ಜನ ಲಾಭ-ಖರ್ಚು ನೋಡಿ ಓಡಾಡ್ತಾರೆ ಅನ್ನೋವರೆಗೆ ಹಳೇ ಕತೆ. ಅದಕ್ಕೆ ಇವರು ಸೇರಿಸಿದ್ದು ಒಂದು ಮಿತಿ. ಇಂಥ ಜಾಗದಿಂದ ಇಂಥ ಜಾಗಕ್ಕೆ ಇಷ್ಟೇ ಜನ ಬರಬಹುದು ಅಂತ ಸರ್ಕಾರ ಹೇಳಿದ್ರೆ ಲೆಕ್ಕ ಏನಾಗುತ್ತೆ?

ಬಿ.ಕಾಂ, ಬಿ.ಬಿ.ಎಂ. ಮಾಡಿರೋರಿಗೆ ಲೀನಿಯರ್ ಪ್ರೋಗ್ರಾಮಿಂಗ್ ನೆನಪಿರಬಹುದು. ಅದರಲ್ಲಿ ಶ್ಯಾಡೋ ಪ್ರೈಸ್ ಅಂತ ಬರ್ತಿತ್ತು. ನೆರಳು ಬೆಲೆ ಅನ್ನೋಣ. ಪರೀಕ್ಷೆಗೆ ಉರು ಹೊಡೆದು ಮರೆತಿದ್ದೆ. ಅದರ ಅರ್ಥ ಇಷ್ಟೇ: ಒಂದು ಮಿತಿಯನ್ನ ಒಂದೇ ಒಂದು ಹೆಚ್ಚು ಮಾಡಿದ್ರೆ ಎಷ್ಟು ಲಾಭ ಆಗ್ತಿತ್ತೋ, ಅದೇ ಆ ಮಿತಿಯ ಬೆಲೆ.

ಉದಾಹರಣೆ. 160 ಜನರಿಗೆ ಒಂದು ಕಡೆ ಹೋಗ್ಬೇಕು. ಹೋದ್ರೆ ತಲಾ 5,000 ಲಾಭ. ಮಿತಿ 100. ಉಳಿದ 60 ಜನರ ಆಸೆ ಆವಿ ಆಗಿ ಹೋಗುತ್ತಾ? ಇಲ್ಲ. ಆ ನೂರು ಜಾಗಕ್ಕೆ ಬೆಲೆ ಬರುತ್ತೆ. ಒಂದು ಜಾಗಕ್ಕೆ 5,000ದವರೆಗೂ ಕೊಡೋಕೆ ಜನ ಸಿಗ್ತಾರೆ. ಸರ್ಕಾರ ಆ ಬೆಲೆಯನ್ನ ಶುಲ್ಕ ಅಂತ ತಗೊಂಡ್ರೆ ಖಜಾನೆಗೆ ಹೋಗುತ್ತೆ. ತಗೊಳ್ಳದಿದ್ರೆ ಮಧ್ಯದಲ್ಲಿ ಯಾರೋ ತಗೋತಾರೆ. ಏಜೆಂಟ್ ತಗೋತಾನೆ, ಮೇಸ್ತ್ರಿ ಮುರಿದ್ಕೋತಾನೆ, ಇಲ್ಲಾ ಜನ ಕ್ಯೂನಲ್ಲಿ ದಿನಗಟ್ಟಲೆ ನಿಂತು ಸಮಯದಲ್ಲಿ ಕಟ್ತಾರೆ. ನಿಯಮ ಸರಿಯೋ ತಪ್ಪೋ ಅನ್ನೋ ಪ್ರಶ್ನೆ ಬೇರೆ. ಸರಿಯಾದ ನಿಯಮಕ್ಕೂ ನೆರಳು ಬೆಲೆ ಇರುತ್ತೆ. ಕೇಳಬೇಕಾದ ಪ್ರಶ್ನೆ: ಅದನ್ನ ಕಟ್ಟೋರು ಯಾರು, ಜೇಬಿಗಿಳಿಸೋರು ಯಾರು?

ನಮ್ಮ ಕಡೆ ಮೂರು ಉದಾಹರಣೆ ಕೊಡ್ತೀನಿ.

ಒಂದು, ಎಚ್.ಡಿ. ಕೋಟೆಯಿಂದ ಬಾವಲಿ ದಾಟಿ ಕೇರಳದ ಮಾನಂದವಾಡಿಗೆ ಹೋಗೋ ರಸ್ತೆ. ನಾಗರಹೊಳೆ ಕಾಡಿನ ಒಳಗೆ ಹೋಗುತ್ತೆ, ಹಾಗಾಗಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡಲ್ಲ. ಗುಂಡ್ಲುಪೇಟೆ ಕಡೆಯಿಂದ ಬಂಡೀಪುರದ ಮೂಲಕ ಹೋಗೋ ಹೆದ್ದಾರಿಯಲ್ಲೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ರಾತ್ರಿ ವಯನಾಡಿಗೆ ಹೋಗ್ಬೇಕಾದ್ರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವಾಗಿ ಸುತ್ತಿ ಹೋಗ್ಬೇಕು. ಪ್ರಾಣಿಗಳ ಜೀವ ಉಳಿಸೋ ನಿಯಮ ಇದು, ಬೇಕು ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಕೋಟೆ ಕಡೆಯಿಂದ ವಯನಾಡಿನ ತೋಟಕ್ಕೆ ಹೋಗೋ ಕೂಲಿಯವರಿಗೆ ಇದರ ಅರ್ಥ ಬೇರೆ. ಸಂಜೆ 6ರ ಒಳಗೆ ಗೇಟ್ ದಾಟೋಕೆ ಆಗದಿದ್ರೆ ಅಲ್ಲೇ ಉಳೀಬೇಕು. ದಿನಗೂಲಿಗೆ ಹೋಗಿದ್ದವರು ಲೈನ್‌ಮನೆಯಲ್ಲಿ ಉಳಿಯೋ ವಲಸಿಗರಾಗ್ತಾರೆ. ಕಾಡಿಗೋಸ್ಕರ ಮಾಡಿದ ನಿಯಮ, ಮನೆಗೆ ಎಷ್ಟು ಗಂಟೆಗೆ ಬರಬಹುದು ಅನ್ನೋದನ್ನೂ ಬದಲಾಯಿಸುತ್ತೆ.

ಎರಡು, ಕೋವಿಡ್. 2021ರಲ್ಲಿ ಕೇರಳದಿಂದ ಬರೋರು ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ತೋರಿಸ್ಬೇಕು ಅಂತ ಕರ್ನಾಟಕ ನಿಯಮ ತಂತು. ನಮ್ಮ ಕಡೆಯಿಂದ ಜನ ಹೊರಗೆ ಹೋಗೋದು ಒಂದು ಕತೆ ಆದ್ರೆ, ಕೇರಳದ ರೈತರು ಕೋಟೆ, ಹುಣಸೂರು, ಪಿರಿಯಾಪಟ್ಟಣಕ್ಕೆ ಬಂದು ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯೋದು ಇನ್ನೊಂದು ಕತೆ. ಲಾಭ ಇರೋ ಕಡೆ ಜನ ಎರಡೂ ದಿಕ್ಕಲ್ಲಿ ಓಡಾಡ್ತಾರೆ. ಕಾರಲ್ಲಿ ಬರೋ ಗುತ್ತಿಗೆದಾರನಿಗೆ ಟೆಸ್ಟು ಒಂದು ಕಿರಿಕಿರಿ. ಅವನ ಜೊತೆ ಬರೋ ಕೂಲಿಯವನಿಗೆ ಟೆಸ್ಟಿಗೆ ಹೋಗೋ ದಿನ ಅಂದ್ರೆ ಒಂದು ದಿನದ ಕೂಲಿ ಹೋಯ್ತು ಅಂತ. ಕಾಗದದಲ್ಲಿ ನಿಯಮ ಇಬ್ಬರಿಗೂ ಒಂದೇ, ನೆರಳು ಬೆಲೆ ಒಂದೇ ಅಲ್ಲ.

ಮೂರು, ಬೈಲಕುಪ್ಪೆ. ಪಿರಿಯಾಪಟ್ಟಣ ತಾಲ್ಲೂಕು. ಸೆಲ್ಫಿಗೆ ಗೋಲ್ಡನ್ ಟೆಂಪಲ್‌ಗೆ ಎಲ್ಲರೂ ಹೋಗಿದ್ದೀವಿ. ಬಿ.ಡಿ. ಜತ್ತಿ ಮುಖ್ಯಮಂತ್ರಿ ಆಗಿದ್ದಾಗ ಮೈಸೂರು ರಾಜ್ಯ ಸುಮಾರು 3,000 ಎಕರೆ ಕೊಟ್ಟು, 1960ರ ಕೊನೆಯಿಂದ ಅಲ್ಲಿ ಟಿಬೆಟನ್ನರು ನೆಲೆಸಿದ್ರು. ಆಮೇಲೆ 1970ರ ದಶಕದಲ್ಲಿ ಹುಣಸೂರಿನ ಗುರುಪುರದಲ್ಲೂ. ಅಲ್ಲಿ ಹುಟ್ಟಿ ಬೆಳೆದು, ನಮಗಿಂತ ಚೆನ್ನಾಗಿ ಕನ್ನಡ ಮಾತಾಡೋ ಹುಡುಗರಿದ್ದಾರೆ. ಆದ್ರೂ ಎಷ್ಟೋ ಜನರ ಕೈಯಲ್ಲಿರೋದು ನೋಂದಣಿ ಪತ್ರ, ಅದನ್ನ ಅವಧಿಗೊಮ್ಮೆ ನವೀಕರಿಸ್ಕೋಬೇಕು. ವಿದೇಶಕ್ಕೆ ಹೋಗ್ಬೇಕಾದ್ರೆ ಪಾಸ್‌ಪೋರ್ಟ್ ಬದಲು ಗುರುತಿನ ಪ್ರಮಾಣಪತ್ರ. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರೋದು ಅವರ ಹಳೇ ಕಸುಬು. ಇಬ್ಬರೂ ಒಂದೇ ಬಸ್ಸಲ್ಲಿ, ಒಂದೇ ಟಿಕೆಟ್ ದರದಲ್ಲಿ ಮೈಸೂರಿಗೆ ಹೋಗಬಹುದು. ಮುಂದೆ ಹೋಗೋವಾಗ ಅವರ ದಾರಿಯಲ್ಲಿ ಕಾಗದದ ಗೇಟುಗಳು ಜಾಸ್ತಿ.

ಗಡಿ ದಾಟಿದ್ರೆ ಒಂದು ಕಾನೂನು, ದಾಟದಿದ್ರೆ?

ನಿಯಮ ಅಂದ್ರೆ ತಡೆಯೋದು ಮಾತ್ರ ಅಲ್ಲ, ಕಾಪಾಡೋದೂ ನಿಯಮವೇ. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಐದು ಅಥವಾ ಹೆಚ್ಚು ಜನ ಹೊರರಾಜ್ಯದ ಕಾರ್ಮಿಕರನ್ನ ಕರ್ಕೊಂಡು ಹೋಗೋ ಗುತ್ತಿಗೆದಾರ ಲೈಸೆನ್ಸ್ ತಗೋಬೇಕಿತ್ತು. ಪ್ರಯಾಣದ ಖರ್ಚು ಕೊಡಬೇಕಿತ್ತು. ಅದರ ಮೇಲೆ ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ ಕೊಡಬೇಕಿತ್ತು. ಗಮನಿಸಿ, ರಂಗ್‌ಪುರದಲ್ಲಿ ಪ್ರಯೋಗ ಅಂತ ಕೊಟ್ಟಿದ್ದನ್ನ ನಮ್ಮ ಕಾನೂನು 29 ವರ್ಷ ಮುಂಚೆ ಹಕ್ಕು ಅಂತ ಬರೆದಿತ್ತು. ಮೊದಲ ಹೆಜ್ಜೆಯ ಖರ್ಚನ್ನ ಕರ್ಕೊಂಡು ಹೋಗೋನು ಕೊಡಬೇಕು ಅಂತ.

2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಐದು ಜನರ ಮಿತಿ ಹತ್ತಾಯ್ತು.

ಇದರಲ್ಲಿ ನಮ್ಮ ಅಕ್ಕ ಎಲ್ಲಿ ಬರ್ತಾರೆ? ಎಲ್ಲೂ ಬರಲ್ಲ. ಹುಣಸೂರಿಂದ ಕೊಡಗಿಗೆ ಹೋದ್ರೆ ರಾಜ್ಯದ ಗಡಿ ದಾಟೋದೇ ಇಲ್ಲ. ಅದೇ ಊರಿನ ಇನ್ನೊಬ್ಬರು ಕುಟ್ಟದಿಂದ ಸ್ವಲ್ಪ ಮುಂದೆ ಹೋಗಿ ವಯನಾಡಿನ ತೋಟದಲ್ಲಿ ಕೆಲಸ ಮಾಡಿದ್ರೆ ಅಂತರರಾಜ್ಯ ವಲಸೆ ಕಾರ್ಮಿಕರು. ಗಿಡ ಅದೇ ಕಾಫಿ, ಬೆನ್ನು ನೋವೂ ಅದೇ. ಕಾನೂನು ನೋಡಿದ್ದು ನಕ್ಷೆಯ ಗೆರೆ.

ಇನ್ನು ಜೀಪ್. ಮಿತಿಗಿಂತ ಹೆಚ್ಚು ಜನರನ್ನ ತುಂಬೋದು ತಪ್ಪು, ಗೂಡ್ಸ್ ಗಾಡಿಯಲ್ಲಿ ಜನರನ್ನ ಸಾಗಿಸೋದೂ ತಪ್ಪು. ಅಪಘಾತ ಆದಾಗ ಒಂದು ವಾರ ಚೆಕಿಂಗ್ ಜೋರಾಗುತ್ತೆ. ಮಾದರಿಗೆ ಹಾಕಿ ನೋಡಿ. ಒಂದು ಜೀಪಲ್ಲಿ 18 ಜನ ಹೋಗ್ತಿದ್ದದ್ದು 9 ಆದ್ರೆ ತಲಾ ಬಾಡಿಗೆ ಎರಡರಷ್ಟು. 60 ಇದ್ದದ್ದು 120. ತಿಂಗಳಿಗೆ 1,320 ಹೆಚ್ಚು ಹೊರೆ. ಯಾರು ಕಟ್ಟೋದು? ತೋಟದ ಮಾಲೀಕರು ಕಟ್ಟದಿದ್ರೆ ಅಕ್ಕ ಕಟ್ಟಬೇಕು, ಇಲ್ಲಾ ಜೀಪ್ ಚೆಕ್‌ಪೋಸ್ಟ್ ತಪ್ಪಿಸಿ ಒಳದಾರಿ ಹಿಡೀಬೇಕು. ಹಾಗಂತ ಚೆಕಿಂಗ್ ಬೇಡ ಅಂತೀನಾ? ಖಂಡಿತಾ ಇಲ್ಲ. ಜೀವದ ಬೆಲೆ 1,320ಕ್ಕಿಂತ ದೊಡ್ಡದು. ನಾನು ಹೇಳೋದು, ನಿಯಮದ ಜೊತೆ ಆ ಹೊತ್ತಿಗೆ ಆ ದಾರೀಲಿ ಒಂದು ಬಸ್ ಬಂದ್ರೆ ನೆರಳು ಬೆಲೆ ಸೊನ್ನೆ ಹತ್ರ ಬರುತ್ತೆ. ಬರೀ ದಂಡ ಹಾಕಿದ್ರೆ ಅದು ಅಕ್ಕನ ಬುತ್ತಿಯಿಂದ ಹೋಗುತ್ತೆ.

ಸೂತ್ರದಲ್ಲಿ ಇಲ್ಲದ ಪದ

ಇಷ್ಟೊತ್ತು ಹೇಳಿದ ಎಲ್ಲಾ ಮಾದರಿಗಳಲ್ಲಿ ಒಂದು ಊಹೆ ಇದೆ. ಮನುಷ್ಯ ತಾನೇ ಲೆಕ್ಕ ಹಾಕಿ, ತಾನೇ ಆರಿಸ್ಕೊಂಡು ಹೋಗ್ತಾನೆ ಅಂತ. ಈ ಊಹೆ ಮುರಿಯೋ ಜಾಗವೂ ನಮ್ಮ ಪಕ್ಕದಲ್ಲೇ ಇದೆ. ನಾಗರಹೊಳೆ.

ಕಾಡೊಳಗಿದ್ದ ಜೇನು ಕುರುಬ, ಬೆಟ್ಟ ಕುರುಬ, ಯರವ ಕುಟುಂಬಗಳು ದಶಕಗಳಿಂದ ಹೊರಗೆ ಬಂದಿವೆ. ಹೈಕೋರ್ಟ್ ನೇಮಿಸಿದ ಸಮಿತಿಯ ಅಧ್ಯಕ್ಷರಾಗಿದ್ದ ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿ ಅವರ ವರದಿ ಗುರುತಿಸಿದ್ದು 3,418 ಕುಟುಂಬಗಳು. ಹುಣಸೂರಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಕೆಲವರಿಗೆ ಜಮೀನು, ಮನೆ ಸಿಕ್ತು. ಎಷ್ಟೋ ಜನ ತೋಟದ ಲೈನ್‌ಮನೆ ಸೇರಿದ್ರು. ಹುಲಿ ಸಂರಕ್ಷಿತ ಪ್ರದೇಶದಿಂದ ಹೊರಬರೋ ಕುಟುಂಬಕ್ಕೆ 10 ಲಕ್ಷ ಇದ್ದ ಪರಿಹಾರ 2021ರಲ್ಲಿ 15 ಲಕ್ಷ ಆಯ್ತು. ಮಾದರಿಯ ಪ್ರಕಾರ ಪರಿಹಾರ ಹೆಚ್ಚಿದ್ರೆ ಹೊರಬರೋ ಲಾಭ ಹೆಚ್ಚು.

ಆದ್ರೆ 2025ರ ಮೇ ತಿಂಗಳಲ್ಲಿ ಏನಾಯ್ತು? ಐವತ್ತು ಚಿಲ್ಲರೆ ಜೇನು ಕುರುಬ ಕುಟುಂಬಗಳು, ಇದು ನಮ್ಮ ಹಿರೀಕರ ಹಾಡಿ ಅಂತ ಹೇಳಿ, 2006ರ ಅರಣ್ಯ ಹಕ್ಕು ಕಾಯ್ದೆಯನ್ನ ಕೈಯಲ್ಲಿ ಹಿಡಿದು, ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸ್ ಬಂದ್ರು. ಕೂಲಿ ಇರೋ ಕಡೆಯಿಂದ ಕೂಲಿ ಇಲ್ಲದ ಕಡೆಗೆ. ಕರೆಂಟ್ ಇರೋ ಕಡೆಯಿಂದ ಇಲ್ಲದ ಕಡೆಗೆ. ಅರಣ್ಯ ಇಲಾಖೆಯ ವಾದ ಬೇರೆ ಇದೆ, ಅವರಿಗೆ ಅಲ್ಲಿ ಹಕ್ಕಿಲ್ಲ ಅನ್ನೋದು. ನಾನಿಲ್ಲಿ ತೀರ್ಪು ಕೊಡೋಕೆ ಬಂದಿಲ್ಲ. ಗುರುತ್ವ ಮಾದರಿ, ಟೊಡಾರೊ ಮಾದರಿ ಯಾವುದೂ ಈ ನಡಿಗೆಯನ್ನ ಮುಂಚೆ ಹೇಳೋಕೆ ಆಗ್ತಿರಲಿಲ್ಲ. ಯಾಕಂದ್ರೆ ಅವರನ್ನ ಮೊದಲು ಕರ್ಕೊಂಡು ಬಂದಾಗ ಲೆಕ್ಕ ಹಾಕಿದವರು ಅವರಲ್ಲ. ಮಾದರಿ ಕೆಟ್ಟದ್ದು ಅಂತಲ್ಲ. ಯಾರಿಗೆ ಆಯ್ಕೆ ಇತ್ತು ಅನ್ನೋದನ್ನ ಸೂತ್ರ ತಾನಾಗೇ ಕೇಳಲ್ಲ, ನಾವು ಕೇಳ್ಬೇಕು.

ಕೊನೆಗೆ

ನಿಮ್ಮಲ್ಲಿ ಎಷ್ಟೋ ಜನ ಈಗಲೇ ಇಂಥ ಲೆಕ್ಕದ ಮಧ್ಯೆ ಇದ್ದೀರಿ ಅಂತ ಗೊತ್ತು. ಡಿಗ್ರಿ ಮುಗೀತು, ಮೈಸೂರಾ ಬೆಂಗಳೂರಾ? ಇಲ್ಲಾ ಊರಲ್ಲೇ ಏನಾದ್ರೂ ಮಾಡೋಣ್ವಾ? ಒಂದು ಪೇಪರ್ ತಗೊಳ್ಳಿ. ಸಂಬಳ ಬರೀರಿ, ಪಕ್ಕದಲ್ಲಿ ಅದು ಸಿಗೋ ಸಾಧ್ಯತೆ ಬರೀರಿ, ಗುಣಿಸಿ. ಕೆಳಗೆ ಖರ್ಚು ಬರೀರಿ. ರೂಮ್ ಅಡ್ವಾನ್ಸ್, ಮೊದಲ ಎರಡು ತಿಂಗಳ ಊಟ, ಕೆಲಸ ಸಿಗದಿದ್ರೆ ವಾಪಸ್ ಬರೋ ಚಾರ್ಜು. ದುಡ್ಡಲ್ಲಿ ಬರೆಯೋಕಾಗದ್ದನ್ನೂ ಒಂದು ಸಾಲಲ್ಲಿ ಬರೀರಿ. ಉತ್ತರ ಏನೇ ಬರಲಿ, ಲೆಕ್ಕ ನಿಮ್ಮದಾಗಿರುತ್ತೆ. ನಿಮ್ಮ ಪರವಾಗಿ ಏಜೆಂಟೋ, ವಾಟ್ಸ್ಆ್ಯಪ್ ಸ್ಟೇಟಸ್ಸೋ ಲೆಕ್ಕ ಹಾಕೋದು ಬೇಡ.

ಇನ್ನೊಂದು. ಮುಂದಿನ ಸಲ ಯಾವುದಾದ್ರೂ ಹೊಸ ನಿಯಮ, ಹೊಸ ಯೋಜನೆ ಸುದ್ದಿ ಬಂದಾಗ ಪರ-ವಿರೋಧ ಕಾಮೆಂಟ್ ಹಾಕೋಕೆ ಮುಂಚೆ ಎರಡೇ ಪ್ರಶ್ನೆ ಕೇಳ್ಕೊಳ್ಳಿ. ಇದರಿಂದ ಯಾರ ದಾರಿಯ ಖರ್ಚು ಇಳೀತು? ಯಾರ ದಾರಿಯ ಖರ್ಚು ಏರಿತು, ಅದು ಯಾರ ಜೇಬಿಗೆ ಹೋಯ್ತು?

ಅರಳಿಕಟ್ಟೆ ಹತ್ರ ಆ ಅಕ್ಕನ್ನ ಕೊನೆಗೆ ಕೇಳಿದ್ದೆ: "ಸರ್ಕಾರ ಏನು ಮಾಡಿದ್ರೆ ನಿಮಗೆ ಅನುಕೂಲ ಆಗುತ್ತೆ?" ದೊಡ್ಡ ಉತ್ತರ ಬರುತ್ತೆ ಅಂತ ಮೊಬೈಲ್ ರೆಕಾರ್ಡಿಂಗ್ ಆನ್ ಮಾಡ್ಕೊಂಡಿದ್ದೆ. ಅಷ್ಟರಲ್ಲಿ ಜೀಪ್ ಬಂತು. ಹತ್ತುತ್ತಾನೇ ಹೇಳಿದ್ರು: "ಬೆಳಿಗ್ಗೆ ಆರೂವರೆಗೊಂದು, ಸಂಜೆ ಐದೂವರೆಗೊಂದು ಬಸ್ ಬಿಡ್ಸಪ್ಪ ಸಾಕು."

ರೆಕಾರ್ಡಿಂಗ್ ಹನ್ನೊಂದು ಸೆಕೆಂಡ್ ಇದೆ. ಜೀಪಿನ ಸದ್ದೇ ಜಾಸ್ತಿ.

ನಿಮ್ಮ ಊರಿಂದ ಬೆಳಿಗ್ಗೆ ಯಾವ ಗಾಡಿ ಹೊರಡುತ್ತೆ, ಎಲ್ಲಿಗೆ ಹೋಗುತ್ತೆ, ಎಷ್ಟು ತಗೋತಾರೆ? ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.